ಹದಿನೈದು ಹೊಸ ಮುಖ, ಒಂದೇ ಆಫ್‌ಸೈಡ್ ಗೆರೆ

ಇಂಗ್ಲೆಂಡ್ ಫುಟ್‌ಬಾಲ್‌ನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ಗೆ ಕೆಳಗಿನ ಹಂತದಿಂದ ಬಡ್ತಿ ಪಡೆದ ಕ್ಲಬ್ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ವಾರಕ್ಕೊಬ್ಬ ಆಟಗಾರನನ್ನು ಕರೆತರುತ್ತಿದ್ದರೆ ಅಭಿಮಾನಿಗೆ ಮೊದಲು ಹಿಗ್ಗು. ಹತ್ತನೆಯವನು ಬರುವ ಹೊತ್ತಿಗೆ ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಹದಿನೈದು ದಾಟಿದರೆ ಹೊಟ್ಟೆಯಲ್ಲಿ ತಳಮಳ. ಈ ತಳಮಳ ಸುಳ್ಳಲ್ಲ, ಆದರೆ ಬಹಳ ಸಲ ನಾವು ತಪ್ಪು ಸಂಖ್ಯೆಯನ್ನು ನೋಡಿ ಹೆದರುತ್ತೇವೆ. ಬಂದವರು ಎಷ್ಟು ಜನ ಎನ್ನುವುದಕ್ಕಿಂತ, ಅವರು ಯಾವ ದಿನ ಬಂದರು, ಮೈದಾನದ ಯಾವ ಸಾಲಿಗೆ ಬಂದರು ಎಂಬುದೇ ನನಗೆ ದೊಡ್ಡ ಚಿಂತೆ.

ಕೊಳ್ಳದೇ ಕೂತರೆ ಉಳಿಯಬಹುದೇ? ಅದೂ ಕಷ್ಟ. 2023-24ರಲ್ಲಿ ಬಡ್ತಿ ಪಡೆದು ಬಂದ ಬರ್ನ್ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್ ಮೂರೂ ಕೆಳಗಿಳಿದವು. ಮುಂದಿನ ವರ್ಷ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್‌ಗಳದ್ದೂ ಅದೇ ಗತಿ. ಲೂಟನ್ ಕೈ ಬಿಗಿಹಿಡಿದು ಖರ್ಚು ಮಾಡಿ 26 ಅಂಕಕ್ಕೆ ನಿಂತಿತು. ಇಪ್ಸ್‌ವಿಚ್ 10 ಕೋಟಿ ಪೌಂಡ್‌ಗೂ ಹೆಚ್ಚು ಸುರಿದು 22 ಅಂಕ ಗಳಿಸಿತು. ಶೆಫೀಲ್ಡ್ ಯುನೈಟೆಡ್ ಆ ಒಂದೇ ಋತುವಿನಲ್ಲಿ 104 ಗೋಲು ಬಿಟ್ಟುಕೊಟ್ಟಿತು. ಎರಡನೇ ಹಂತದ ಚಾಂಪಿಯನ್‌ಷಿಪ್‌ಗೂ ಮೇಲಿನ ಲೀಗ್‌ಗೂ ನಡುವಿನ ಕಂದಕ ಅಷ್ಟು ಅಗಲವಾಗಿದೆ. ಇದ್ದ ತಂಡದೊಂದಿಗೇ ಹೋಗಿ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಬಂದವರನ್ನು ಎಣಿಸುವ ಮೊದಲು ಹೋದವರನ್ನು ಎಣಿಸಬೇಕು. 2022ರಲ್ಲಿ 23 ವರ್ಷಗಳ ಬಳಿಕ ಮೇಲೆ ಬಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಬೇಸಿಗೆಯಲ್ಲೇ ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ತಂದಾಗ ಎಲ್ಲರೂ ನಕ್ಕರು. ಆದರೆ ಬಡ್ತಿ ತಂದುಕೊಟ್ಟ ತಂಡದಲ್ಲಿ ಜೇಮ್ಸ್ ಗಾರ್ನರ್, ಜೆಡ್ ಸ್ಪೆನ್ಸ್, ಕೀನನ್ ಡೇವಿಸ್, ಫಿಲಿಪ್ ಜಿಂಕರ್‌ನಾಗೆಲ್, ಮ್ಯಾಕ್ಸ್ ಲೋವ್ ಐವರೂ ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ಗಳಿಂದ ಎರವಲಾಗಿ ಬಂದವರು. ಋತು ಮುಗಿಯುತ್ತಿದ್ದಂತೆ ಐವರೂ ಹಿಂತಿರುಗಿದರು. ಗೋಲ್‌ಕೀಪರ್ ಬ್ರೀಸ್ ಸಾಂಬಾ ಫ್ರಾನ್ಸ್‌ನ ಲಾನ್ಸ್‌ಗೆ ಹೋದರು. ಅಂದರೆ ಆರು ಜಾಗ ಮೊದಲೇ ಖಾಲಿ. ಹೀಗಾಗಿ ಲೋನ್ ಆಟಗಾರರ ಬಲದಿಂದ ಮೇಲೆ ಬಂದ ತಂಡದ ಖರೀದಿಪಟ್ಟಿ ಉದ್ದ ಇದ್ದರೆ ನಾನು ಗಾಬರಿಯಾಗುವುದಿಲ್ಲ. ಸ್ವಂತ ಆಟಗಾರರೇ ತುಂಬಿದ್ದ ತಂಡ ಹದಿನೈದು ಜನರನ್ನು ತಂದರೆ ಮಾತ್ರ, ಇವರಲ್ಲಿ ಯಾರು ಬೆಂಚಿಗೆ ಹೋಗುತ್ತಾರೆ ಎಂದು ಕೇಳಲೇಬೇಕು.

ಇನ್ನು ಸಮಯದ ಮಾತು. ಇಲ್ಲಿ 2018ರ ಫುಲ್ಹಮ್‌ಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಬಡ್ತಿ ಪಡೆದ ಬೇಸಿಗೆಯಲ್ಲೇ 10 ಕೋಟಿ ಪೌಂಡ್ ದಾಟಿ ಖರ್ಚು ಮಾಡಿದ ಮೊದಲ ಕ್ಲಬ್ ಅದು. ಪ್ಲೇಆಫ್ (ಬಡ್ತಿಯ ಕೊನೆಯ ಜಾಗಕ್ಕಾಗಿ ನಡೆಯುವ ಪಂದ್ಯಗಳು) ಗೆದ್ದ ತಂಡದ ಎರಡೂ ಬದಿಯ ಬ್ಯಾಕ್‌ಗಳು, ಅಂದರೆ ಅಂಚಿನ ರಕ್ಷಕರು, ಹೊರಟುಹೋಗಿದ್ದರು: ರಯಾನ್ ಫ್ರೆಡರಿಕ್ಸ್ ವೆಸ್ಟ್ ಹ್ಯಾಮ್‌ಗೆ, ಲೋನ್ ಮೇಲಿದ್ದ ಮ್ಯಾಟ್ ಟಾರ್ಗೆಟ್ ವಾಪಸ್ ಸೌತಾಂಪ್ಟನ್‌ಗೆ. ಆ ಜಾಗಗಳು ತುಂಬಿದ್ದು ಕಟ್ಟಕಡೆಗೆ. ಆ ವರ್ಷ ವಿಂಡೋ, ಅಂದರೆ ಆಟಗಾರರನ್ನು ಕೊಳ್ಳಲು ಇರುವ ಅವಧಿ, ಆಗಸ್ಟ್ 9ಕ್ಕೆ ಮುಚ್ಚಿತು. ಅಂದೇ ಒಂದೇ ದಿನ ಸಾಂಬೊ ಆಂಗಿಸಾ, ಸೆರ್ಜಿಯೊ ರಿಕೊ, ಜೋ ಬ್ರಯಾನ್, ಟಿಮೊಥಿ ಫೋಸು-ಮೆನ್ಸಾ, ಲುಸಿಯಾನೊ ವಿಯೆಟ್ಟೊ ಬಂದು ಸೇರಿದರು. ಮೊದಲ ಪಂದ್ಯ ಆಗಸ್ಟ್ 11ಕ್ಕೆ, ಕ್ರಿಸ್ಟಲ್ ಪ್ಯಾಲೇಸ್ ಎದುರು. ಫಲ 0-2. ಮೊದಲ ಕೆಲವು ತಿಂಗಳಲ್ಲೇ ಫಾಬ್ರಿ, ಬೆಟಿನೆಲ್ಲಿ, ರಿಕೊ ಮೂವರೂ ಗೋಲು ಕಾದರು. ಕೋಚ್‌ಗಳೂ ಮೂವರು: ಯೊಕಾನೊವಿಚ್, ರನಿಯೇರಿ, ಪಾರ್ಕರ್. ಕೊನೆಗೆ ಲೀಗ್‌ನಲ್ಲೇ ಅತಿ ಹೆಚ್ಚು, 81 ಗೋಲು ಬಿಟ್ಟು, 26 ಅಂಕದೊಂದಿಗೆ 19ನೇ ಸ್ಥಾನ.

ಇದಕ್ಕೆ ಆಟಗಾರರ ಗುಣಮಟ್ಟ ಕಾರಣವಲ್ಲ. ಆಂಗಿಸಾ ಮುಂದೆ ನಾಪೋಲಿಯಲ್ಲಿ ಇಟಲಿಯ ಲೀಗ್ ಗೆದ್ದರು. ಕೆಟ್ಟದ್ದು ಹೊಂದಾಣಿಕೆ, ಅದರಲ್ಲೂ ಹಿಂದಿನ ಸಾಲಿನದು. ಅಂಚಿನಿಂದ ದಾಳಿ ಮಾಡುವ ಹೊಸ ವಿಂಗರ್ ಒಬ್ಬನೇ ಚೆಂಡು ತೆಗೆದುಕೊಂಡು ಎದುರಾಳಿಯನ್ನು ದಾಟಬಲ್ಲ. ಯಾರೊಂದಿಗೂ ಹೊಂದಿಕೊಳ್ಳದೆಯೂ ಎರಡು ಪಂದ್ಯ ಗೆಲ್ಲಿಸಿಕೊಡಬಲ್ಲ. ಹಿಂದಿನ ಸಾಲಿನ ನಡುವೆ ನಿಲ್ಲುವ ಸೆಂಟರ್ ಬ್ಯಾಕ್‌ಗೆ ಆ ಸೌಲಭ್ಯ ಇಲ್ಲ. ಆ ಸಾಲಿನ ನಾಲ್ವರು ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟರೆ ಅವರ ಬೆನ್ನ ಹಿಂದೆ ಉಳಿದ ಎದುರಾಳಿ ಆಫ್‌ಸೈಡ್, ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೆ ಅದೇ ಎದುರಾಳಿ ನಮ್ಮ ಗೋಲ್‌ಕೀಪರ್ ಮುಂದೆ ಒಂಟಿ. ಬದಿಯ ಬ್ಯಾಕ್ ಮುಂದೆ ಓಡಿದಾಗ ಅವನ ಬೆನ್ನ ಹಿಂದಿನ ಜಾಗಕ್ಕೆ ಸೆಂಟರ್ ಬ್ಯಾಕ್ ಸರಿಯಬೇಕೋ, ಆ ಸಾಲಿನ ಮುಂದೆ ಕಾವಲಿರುವ ಹೋಲ್ಡಿಂಗ್ ಮಿಡ್‌ಫೀಲ್ಡರ್ ಇಳಿಯಬೇಕೋ? ಕಾರ್ನರ್ ಬಂದಾಗ ಹತ್ತಿರದ ಕಂಬದ ಬಳಿ ಯಾರು, ಮೊದಲು ತಡೆದ ಮೇಲೆ ಸಿಡಿದುಬರುವ ಚೆಂಡಿಗೆ ಬಾಕ್ಸ್ ಅಂಚಿನಲ್ಲಿ ಯಾರು, ಗೋಲ್‌ಕೀಪರ್ ಯಾವ ಗಳಿಗೆಯಲ್ಲಿ ಕೂಗಿ ಹೊರಬರುತ್ತಾನೆ? ಹಲಗೆಯ ಮೇಲೆ ಬರೆದು ತೋರಿಸಿದರೆ ಇವು ಮೈಗೆ ಹತ್ತುವುದಿಲ್ಲ. ದಿನಗಟ್ಟಲೆ ಅದೇ ನಾಲ್ವರು, ಅದೇ ಕೀಪರ್ ಜೊತೆ ಅಭ್ಯಾಸ ಮಾಡಿದರಷ್ಟೇ ಬರುತ್ತವೆ.

ಈಗ ವಿಂಡೋ ಸಾಮಾನ್ಯವಾಗಿ ಸೆಪ್ಟೆಂಬರ್ ಆರಂಭದ ಹೊತ್ತಿಗೆ ಮುಚ್ಚುತ್ತದೆ, ಲೀಗ್ ಆಗಲೇ ಶುರುವಾಗಿರುತ್ತದೆ. 2025ರವರೆಗೆ ಅದರ ಬೆನ್ನಿಗೇ ರಾಷ್ಟ್ರೀಯ ತಂಡಗಳ ಪಂದ್ಯಗಳ ಬಿಡುವು ಬರುತ್ತಿತ್ತು. ಕೊನೆಯ ದಿನ ಸಹಿ ಹಾಕಿದವನು ತನ್ನ ದೇಶಕ್ಕೆ ಆಡಲು ಹೋಗಿ, ತಿರುಗಿ ಬಂದು ಎರಡು ಮೂರು ದಿನ ಅಭ್ಯಾಸ ಮಾಡಿ ಕಣಕ್ಕಿಳಿಯುತ್ತಿದ್ದ. ಆ ಕೊನೆಯ ದಿನ ಸ್ಟ್ರೈಕರ್ ಬಂದರೆ ಸಹಿಸಬಹುದು. ಸೆಂಟರ್ ಬ್ಯಾಕ್ ಬಂದರೆ ಅಕ್ಟೋಬರ್‌ವರೆಗೆ ಗೋಲು ಸೋರುತ್ತದೆ ಎಂದೇ ನನ್ನ ಎಣಿಕೆ. ಪ್ಲೇಆಫ್ ಮೂಲಕ ಬಂದವರಿಗೆ ಇನ್ನೂ ಇಕ್ಕಟ್ಟು. ಫೈನಲ್ ನಡೆಯುವುದು ಮೇ ಕೊನೆಗೆ; ಅಲ್ಲಿಯವರೆಗೆ ಮುಂದಿನ ವರ್ಷ ಯಾವ ಲೀಗ್ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ, ನೇರ ಬಡ್ತಿ ಪಡೆದ ಇಬ್ಬರು ಅಷ್ಟರಲ್ಲಿ ಮಾತುಕತೆ ಆರಂಭಿಸಿರುತ್ತಾರೆ.

ಫಾರೆಸ್ಟ್ ಕೂಡ ಇದೇ ಹಳ್ಳಕ್ಕೆ ಬಿದ್ದಿತ್ತು. ಸೆಪ್ಟೆಂಬರ್‌ನಲ್ಲಿ ಬೋರ್ನ್‌ಮತ್ ಎದುರು 2-0 ಮುಂದಿದ್ದು 2-3ರಿಂದ ಸೋತಿತು. ಅಕ್ಟೋಬರ್ 3ಕ್ಕೆ ಲೆಸ್ಟರ್‌ನಲ್ಲಿ 0-4. ಕೋಚ್ ಸ್ಟೀವ್ ಕೂಪರ್ ಅವರನ್ನು ತೆಗೆಯುತ್ತಾರೆಂದು ಎಲ್ಲರೂ ಕಾಯುತ್ತಿದ್ದಾಗ ಕ್ಲಬ್ ಅವರ ಒಪ್ಪಂದವನ್ನೇ ಮುಂದುವರಿಸಿತು. ಆ ಋತುವಿನ ಅತ್ಯಂತ ಒಳ್ಳೆಯ ನಿರ್ಧಾರ ಅದು ಎಂದು ಈಗಲೂ ನಂಬಿದ್ದೇನೆ. ಇಪ್ಪತ್ತು ಹೊಸಬರಿರುವ ಕೋಣೆಯಲ್ಲಿ ಹಳಬ ಎಂದರೆ ಕೋಚ್ ಒಬ್ಬರೇ. ಅವರನ್ನೂ ಬದಲಿಸಿದರೆ ಎಲ್ಲವೂ ಮೊದಲಿನಿಂದ. ಅದೇ ತಿಂಗಳು ಲಿವರ್‌ಪೂಲ್ ವಿರುದ್ಧ 1-0 ಗೆಲುವು ಬಂತು. ಕೊನೆಗೆ 38 ಅಂಕ, 16ನೇ ಸ್ಥಾನ. ಅದರಲ್ಲಿ 30 ಅಂಕ ತವರಿನಲ್ಲಿ ಗಳಿಸಿದ್ದು. ಹೊರಗೆ ಗೆದ್ದದ್ದು ಒಂದೇ ಪಂದ್ಯ.

ಪಟ್ಟಿಯ ನಿಯಮವನ್ನೂ ಮರೆಯಬಾರದು. 21 ವರ್ಷ ದಾಟಿದವರಲ್ಲಿ 25 ಜನರನ್ನಷ್ಟೇ ನೋಂದಾಯಿಸಬಹುದು, ಅದರಲ್ಲೂ ಸ್ಥಳೀಯವಾಗಿ ಬೆಳೆದವರಲ್ಲದವರು 17 ಮೀರುವಂತಿಲ್ಲ. ಸ್ಥಳೀಯ ಎಂದರೆ ಇಂಗ್ಲಿಷ್ ಪ್ರಜೆ ಎಂದಲ್ಲ. 21ಕ್ಕೆ ಮೊದಲು ಮೂರು ಋತು ಇಂಗ್ಲೆಂಡ್ ಅಥವಾ ವೇಲ್ಸ್ ಕ್ಲಬ್‌ನಲ್ಲಿ ನೋಂದಣಿಯಾಗಿದ್ದರೆ ಸಾಕು. ಬೇರೆ ಪ್ರೀಮಿಯರ್ ಲೀಗ್ ಕ್ಲಬ್‌ಗಳಿಂದ ಒಟ್ಟಾರೆ ಏಕಕಾಲಕ್ಕೆ ಲೋನ್ ತರಬಹುದಾದವರು ಇಬ್ಬರೇ. ಲೆಕ್ಕ ತಪ್ಪಿದರೆ ಪೆಟ್ಟು ಮನುಷ್ಯರಿಗೇ ಬೀಳುತ್ತದೆ. 2022ರ ಜುಲೈನಲ್ಲಿ ಫಾರೆಸ್ಟ್‌ಗೆ ಬಂದ ಲೂಯಿಸ್ ಓಬ್ರಿಯೆನ್ ಜನವರಿಯ ನಂತರದ 25 ಜನರ ಪಟ್ಟಿಯಲ್ಲಿ ಇರಲಿಲ್ಲ. ಬ್ಲ್ಯಾಕ್‌ಬರ್ನ್‌ಗೆ ಹೋಗುವ ಕಾಗದಪತ್ರವೂ ಸಮಯಕ್ಕೆ ಮುಟ್ಟಲಿಲ್ಲ. ಕೊನೆಗೆ ಅಮೆರಿಕದ ಲೀಗ್‌ಗೆ ಹೋಗಿ ಆಡಬೇಕಾಯಿತು.

ದುಡ್ಡಿನ ಪೆಟ್ಟು ತಡವಾಗಿ ಬೀಳುತ್ತದೆ. 2.5 ಕೋಟಿ ಪೌಂಡ್‌ಗೆ ಐದು ವರ್ಷದ ಒಪ್ಪಂದದಲ್ಲಿ ಆಟಗಾರನನ್ನು ತಂದರೆ ಲೆಕ್ಕಪುಸ್ತಕದಲ್ಲಿ ವರ್ಷಕ್ಕೆ 50 ಲಕ್ಷ ಖರ್ಚು ಬೀಳುತ್ತದೆ, ಸಂಬಳ ಬೇರೆ. ಅಂಥ ಆರು ಜನ ಎಂದರೆ ವರ್ಷಕ್ಕೆ 3 ಕೋಟಿ. ಎರಡು ವರ್ಷದ ಬಳಿಕ ಅವನ ಪುಸ್ತಕಬೆಲೆ 1.5 ಕೋಟಿ ಉಳಿದಿರುತ್ತದೆ. 1 ಕೋಟಿಗೆ ಮಾರಿದರೆ 50 ಲಕ್ಷ ನಷ್ಟ ಆ ವರ್ಷವೇ ಬರೆಯಬೇಕು. ಫಾರೆಸ್ಟ್ ಸಿಕ್ಕಿಬಿದ್ದಾಗಿನ ನಿಯಮದಲ್ಲಿ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡ್ ನಷ್ಟ ಮಾಡಬಹುದಿತ್ತು, ಆದರೆ ಚಾಂಪಿಯನ್‌ಷಿಪ್‌ನಲ್ಲಿ ಆಡಿದ ಪ್ರತಿ ವರ್ಷಕ್ಕೆ 3.5 ಕೋಟಿಯ ಬದಲು 1.3 ಕೋಟಿ ಮಾತ್ರ. ಮೂರರಲ್ಲಿ ಎರಡು ವರ್ಷ ಫಾರೆಸ್ಟ್ ಅಲ್ಲೇ ಇದ್ದುದರಿಂದ ಅವರ ಮಿತಿ 6.1 ಕೋಟಿಗೆ ಇಳಿದಿತ್ತು. ಅದನ್ನು 3.45 ಕೋಟಿ ಮೀರಿದ್ದಕ್ಕೆ 2024ರ ಮಾರ್ಚ್‌ನಲ್ಲಿ 4 ಅಂಕ ಕಡಿತವಾಯಿತು. ಬ್ರೆನನ್ ಜಾನ್ಸನ್ ಅವರನ್ನು 4.75 ಕೋಟಿಗೆ ಮಾರಿದ್ದರು ನಿಜ, ಆದರೆ ಜೂನ್ 30ಕ್ಕೆ ಲೆಕ್ಕ ಮುಗಿದ ಎರಡು ತಿಂಗಳ ಮೇಲೆ. ಒಳ್ಳೆಯ ಬೆಲೆಗೆ ಕಾದದ್ದು ವ್ಯಾಪಾರದ ದೃಷ್ಟಿಯಿಂದ ಸರಿಯೇ, ದಿನಾಂಕ ಮಾತ್ರ ತಪ್ಪಿತು.

ಇಳಿದುಬಿಟ್ಟರೆ ಪ್ಯಾರಾಶೂಟ್ ಹಣ (ಕೆಳಗಿಳಿದ ಕ್ಲಬ್‌ಗೆ ಪ್ರೀಮಿಯರ್ ಲೀಗ್ ಕೊಡುವ ನೆರವು) ಉಂಟು ಎನ್ನುವವರಿದ್ದಾರೆ. ಅದು ಸಾಮಾನ್ಯವಾಗಿ ಮೂರು ವರ್ಷ ಬರುತ್ತದೆ, ಒಂದೇ ಋತು ಇದ್ದು ಇಳಿದವರಿಗೆ ಎರಡೇ ವರ್ಷ. ಒಪ್ಪಂದಗಳಲ್ಲಿ ಇಳಿದರೆ ಸಂಬಳ ಕಡಿತವಾಗುವ ಷರತ್ತು ಇದೆಯೋ ಇಲ್ಲವೋ ಎಂಬುದು ಅಲ್ಲಿ ಜೀವನ್ಮರಣದ ವಿಷಯ. ಕ್ಲಬ್‌ಗಳು ಸಾಮಾನ್ಯವಾಗಿ ಅದನ್ನು ಸಾರಿ ಹೇಳುವುದಿಲ್ಲ.

ಅಷ್ಟೊಂದು ಜನರನ್ನು ತಂದೂ ಚೆನ್ನಾಗಿ ಆರಂಭಿಸಬಹುದು ಎಂಬುದಕ್ಕೆ 2025ರ ಸಂಡರ್ಲ್ಯಾಂಡ್ ಇದೆ. ಅವರ ಪಟ್ಟಿಯೂ ಉದ್ದವೇ. ಆದರೆ ಅದರಲ್ಲಿ ಗ್ರಾನಿಟ್ ಝಾಕಾ ಇದ್ದರು: ಆರ್ಸೆನಲ್‌ನಲ್ಲಿ ಏಳು ವರ್ಷ ಆಡಿದವರು, ಲೆವರ್‌ಕುಸೆನ್‌ನಲ್ಲಿ ಜರ್ಮನ್ ಲೀಗ್ ಗೆದ್ದವರು. ಹೊಸದಾಗಿ ಬಂದ ಝಾಕಾಗೇ ನಾಯಕತ್ವ ಕೊಟ್ಟರು. ಬಡ್ತಿ ತಂದ ಕೋಚ್ ಲೆ ಬ್ರಿಸ್ ಮುಂದುವರಿದರು. ಮೊದಲ ಪಂದ್ಯದಲ್ಲೇ ವೆಸ್ಟ್ ಹ್ಯಾಮ್ ಮೇಲೆ 3-0. ಅಲ್ಲಿಯೂ ಒಂದು ಕಂಟಕ ಕಾದಿತ್ತು: ಹೊಸಬರಲ್ಲಿ ಹಲವರು ಆಫ್ರಿಕಾದ ದೇಶಗಳವರು, ಡಿಸೆಂಬರ್ ಕೊನೆಗೆ ಆಫ್ರಿಕಾ ಕಪ್ ಶುರುವಾದಾಗ ಒಟ್ಟಿಗೆ ಹೊರಟರು. ಖರೀದಿ ಮಾಡುವಾಗ ಪಾಸ್‌ಪೋರ್ಟ್ ಮತ್ತು ಕ್ಯಾಲೆಂಡರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನಿಮ್ಮ ಕ್ಲಬ್ ಬಗ್ಗೆ ಅಂದಾಜು ಬೇಕಿದ್ದರೆ ಮೊದಲ ಐದು ಪಂದ್ಯಗಳ ಗೋಲ್‌ಕೀಪರ್, ಇಬ್ಬರು ಸೆಂಟರ್ ಬ್ಯಾಕ್, ಹೋಲ್ಡಿಂಗ್ ಮಿಡ್‌ಫೀಲ್ಡರ್, ಈ ನಾಲ್ಕು ಹೆಸರು ಬರೆದಿಡಿ. ನಾಲ್ಕು ಪಂದ್ಯದಲ್ಲಾದರೂ ಅವೇ ಹೆಸರುಗಳಿದ್ದರೆ ಫಲಿತಾಂಶ ಕೆಟ್ಟಿದ್ದರೂ ತಾಳ್ಮೆ ಇರಲಿ. ಪ್ರತಿ ವಾರ ಹೆಸರು ಬದಲಾಗುತ್ತಿದ್ದು, ಆಗಲೂ ಕ್ಲಬ್ ಇನ್ನೊಬ್ಬ ವಿಂಗರ್‌ಗಾಗಿ ಓಡಾಡುತ್ತಿದ್ದರೆ, ಆಗ ನನಗೆ ನಿದ್ದೆ ಬರುವುದಿಲ್ಲ.