3-0 ಮುಂದಿದ್ದೂ ಸೋತ ನಮ್ಮ ಅಲಾಸ್ಕಾ

ಫಿಲಿಪೀನ್ಸ್ ಬ್ಯಾಸ್ಕೆಟ್‌ಬಾಲ್ ಬಗ್ಗೆ ಮಾತು ಬಂದರೆ 2016ರ ಫೈನಲ್ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ. ಸ್ಯಾನ್ ಮಿಗೆಲ್ ತಂಡ ಮೊದಲ ಮೂರು ಪಂದ್ಯ ಸೋತು, ಆಮೇಲೆ ಸಾಲಾಗಿ ನಾಲ್ಕು ಗೆದ್ದು ಕಪ್ ಎತ್ತಿದ ಫೈನಲ್. ಸ್ಯಾನ್ ಮಿಗೆಲ್ ಅಂದರೆ ಬಿಯರ್ ಕಂಪನಿ. ಹಾಗಾಗಿ ಬಿಯರ್ ಮತ್ತು ಮಿರಾಕಲ್ ಎರಡನ್ನೂ ಸೇರಿಸಿ ಅದಕ್ಕೆ 'ಬೀರಾಕಲ್' ಅಂತ ಹೆಸರು ಬಿತ್ತು. ಗೆದ್ದವರ ಕಡೆಯ ಕಥೆ ಎಲ್ಲರಿಗೂ ಗೊತ್ತು. ನಾನು ಆಗ ಕೆಲಸದ ಮೇಲೆ ಮನಿಲಾದಲ್ಲಿದ್ದೆ, ಸೋತವರ ಪಕ್ಕ ಕೂತು ನೋಡಿದೆ. ಅಲಾಸ್ಕಾ ಏಸಸ್ ತಂಡದ ಆ ಸೀಸನ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು.

ಪಿಬಿಎ, ಅಂದರೆ ಫಿಲಿಪೀನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, 1975ರಲ್ಲಿ ಶುರುವಾದ ಲೀಗ್. ಏಷ್ಯಾದಲ್ಲೇ ಅತಿ ಹಳೆಯ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಅದು. ನಮಗೆ ವಿಚಿತ್ರ ಅನಿಸೋದು ತಂಡಗಳ ಹೆಸರು. ಊರಿನ ಹೆಸರು ಇರೋದಿಲ್ಲ, ಕಂಪನಿ ಹೆಸರೇ ತಂಡದ ಹೆಸರು. ಅಲಾಸ್ಕಾ ಅಂದರೆ ಹಾಲಿನ ಡಬ್ಬಿ, ರೇನ್ ಆರ್ ಶೈನ್ ಅಂದರೆ ಪೇಂಟ್, ಜಿನೆಬ್ರಾ ಅಂದರೆ ಜಿನ್, ಮೆರಾಲ್ಕೊ ಅಂದರೆ ಕರೆಂಟ್ ಕಂಪನಿ. ಜನ ಅದಕ್ಕೇ ಪ್ರಾಣ ಬಿಡುತ್ತಾರೆ. ಅಲ್ಲಿ ಗಲ್ಲಿಗೊಂದು ಹೂಪ್ ಇರುತ್ತೆ. ತೆಂಗಿನ ಮರಕ್ಕೆ ಹಲಗೆ ಹೊಡೆದು ರಿಂಗ್ ಕಟ್ಟಿರುತ್ತಾರೆ, ಹುಡುಗರು ಹವಾಯಿ ಚಪ್ಪಲಿ ಹಾಕಿಕೊಂಡೇ ಆಡುತ್ತಾರೆ, ಅಲ್ಲಿನ ಷೇರ್ ವ್ಯಾನ್ ಜೀಪ್ನಿ ಬಂದರೆ ಪಕ್ಕಕ್ಕೆ ಸರಿದು ಮತ್ತೆ ಶುರು.

ನನ್ನನ್ನು ಅಲಾಸ್ಕಾ ಕಡೆ ಎಳೆದವರು ನಾವಿದ್ದ ಕಟ್ಟಡದ ಸೆಕ್ಯುರಿಟಿಯವರು. ಎಲ್ಲರೂ ಅವರನ್ನು ಕುಯಾ ಅಂತಲೇ ಕರೆಯುತ್ತಿದ್ದರು. ಕುಯಾ ಅಂದರೆ ಅಣ್ಣ. 1996ರಲ್ಲಿ ಅಲಾಸ್ಕಾ ಒಂದೇ ಸೀಸನ್‌ನಲ್ಲಿ ಮೂರೂ ಕಪ್ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಮಾಡಿತ್ತು, ಟಿಮ್ ಕೋನ್ ಕೋಚ್ ಆಗಿದ್ದಾಗ. ಕುಯಾ ಆಗ ಹುಡುಗ. ಅಂದಿನಿಂದ ಬೇರೆ ತಂಡದ ಕಡೆ ತಿರುಗಿ ನೋಡಿಲ್ಲ ಅಂದರು. ತಂಡದ ಘೋಷಣೆ 'ವಿ ನಾಟ್ ಮಿ', ನಾನಲ್ಲ ನಾವು. ಅದನ್ನು ಅವರು ಹೇಳುವಾಗ ಮುಖ ನೋಡಬೇಕಿತ್ತು, ದೇವರ ಹೆಸರು ಹೇಳಿದ ಹಾಗೆ.

ಈ ಲೀಗ್‌ನಲ್ಲಿ ಆಗ ಒಂದು ಸೀಸನ್ ಅಂದರೆ ಮೂರು ಕಪ್. ಮೊದಲನೆಯದು ಫಿಲಿಪೀನ್ ಕಪ್, ಅದರಲ್ಲಿ 'ಇಂಪೋರ್ಟ್' ಇಲ್ಲ. ಅಂದರೆ ಹೊರದೇಶದ ಆಟಗಾರರಿಗೆ ಜಾಗ ಇಲ್ಲ. ಅದಕ್ಕೇ ಅದನ್ನು ಗೆಲ್ಲೋದು ಎಲ್ಲಕ್ಕಿಂತ ದೊಡ್ಡ ಮರ್ಯಾದೆ. 2015ರ ಜನವರಿಯಲ್ಲಿ ಅಲಾಸ್ಕಾ ಇದೇ ಕಪ್‌ನ ಫೈನಲ್ ಆಡಿತ್ತು, ಇದೇ ಸ್ಯಾನ್ ಮಿಗೆಲ್ ಎದುರು. ಫೈನಲ್‌ನಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಏಳನೇ ಪಂದ್ಯದಲ್ಲಿ 80-78ರಿಂದ ಸೋತರು. ಎರಡೇ ಎರಡು ಪಾಯಿಂಟ್. ಅದೇ ವರ್ಷ ಜುಲೈನಲ್ಲಿ ಗವರ್ನರ್ಸ್ ಕಪ್ ಫೈನಲ್, ಮತ್ತೆ ಸ್ಯಾನ್ ಮಿಗೆಲ್, ಈ ಸಲ 4-0 ಸೋಲು. ಇಷ್ಟೆಲ್ಲ ಆದಮೇಲೆ ಅಕ್ಟೋಬರ್‌ನಲ್ಲಿ ಹೊಸ ಸೀಸನ್ ಶುರುವಾಯಿತು. ನಾನು ನೋಡೋಕೆ ಕೂತಿದ್ದು ಅಲ್ಲಿಂದ.

ಅಲಾಸ್ಕಾ ಆಟದಲ್ಲಿ ಒಬ್ಬ ದೊಡ್ಡ ಸ್ಟಾರ್ ಅಂತ ಇರಲಿಲ್ಲ. ಕ್ಯಾಲ್ವಿನ್ ಅಬುವೆವಾ ಇದ್ದ, ಪಂಪಾಂಗಾ ಕಡೆಯವನು, ಜನ 'ದಿ ಬೀಸ್ಟ್' ಅನ್ನುತ್ತಿದ್ದರು, ತನಗಿಂತ ಎತ್ತರದವರ ಮಧ್ಯೆ ನುಗ್ಗಿ ರಿಬೌಂಡ್, ಅಂದರೆ ರಿಂಗ್‌ಗೆ ಬಡಿದು ಪುಟಿದ ಚೆಂಡು, ಕಿತ್ತುಕೊಂಡು ಬರುತ್ತಿದ್ದ. ವಿಕ್ ಮ್ಯಾನ್ಯುಯೆಲ್, ಜೆವಿ ಕ್ಯಾಸಿಯೊ, ಸೋನಿ ಥಾಸ್, ಸೈರಸ್ ಬಾಗಿಯೊ, ವಯಸ್ಸಾದ ಡಾಂಡನ್ ಹೊಂಟಿವೆರೋಸ್. ಕೋಚ್ ಅಲೆಕ್ಸ್ ಕಾಂಪ್ಟನ್, ಅಮೆರಿಕನ್ ಅಪ್ಪ ಅಮ್ಮನಿಗೆ ಮಕಾಟಿಯಲ್ಲಿ ಹುಟ್ಟಿದವರು, ಅಲ್ಲಿನ ಭಾಷೆ ಟಗಾಲೊಗ್ ನೀರು ಕುಡಿದ ಹಾಗೆ ಮಾತಾಡುತ್ತಿದ್ದರು. ಅವರ ಆಟದ ಜೀವ ಇದ್ದದ್ದು ಪ್ರೆಸ್‌ನಲ್ಲಿ. ಎದುರಾಳಿ ಚೆಂಡು ಹಿಡಿದ ಕೂಡಲೇ ಇಬ್ಬರು ಮೈಮೇಲೆ ಬೀಳೋದು, ಉಸಿರಾಡೋಕೆ ಬಿಡದೇ ಇರೋದು. ಅದಕ್ಕೆ ಹತ್ತು ಹನ್ನೆರಡು ಜನ ಬೇಕು, ಒಬ್ಬ ಸುಸ್ತಾದರೆ ಇನ್ನೊಬ್ಬ. ಆ ಘೋಷಣೆ ಸುಮ್ನೆ ಟೀ ಶರ್ಟ್ ಮೇಲಿನ ಮಾತಾಗಿರಲಿಲ್ಲ.

ಫಿಲಿಪೀನ್ ಕಪ್‌ನ ಲೀಗ್ ಹಂತದಲ್ಲಿ ಹನ್ನೊಂದು ಪಂದ್ಯಗಳಲ್ಲಿ ಒಂಬತ್ತು ಗೆದ್ದು ನೇರ ಸೆಮಿಫೈನಲ್‌ಗೆ ಬಂದರು. ಅಲ್ಲಿ ಗ್ಲೋಬಲ್‌ಪೋರ್ಟ್ ತಂಡವನ್ನು 4-1ರಲ್ಲಿ ಮುಗಿಸಿದರು. ಆ ಕಡೆ ಸ್ಯಾನ್ ಮಿಗೆಲ್ ಕೂಡ ಗೆದ್ದು ಬಂತು, ಆದರೆ ಸೆಮಿಫೈನಲ್‌ನ ಕೊನೆಯ ಪಂದ್ಯದಲ್ಲಿ ಜೂನ್ ಮಾರ್ ಫಹಾರ್ಡೊ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ಸೆಬು ಕಡೆಯ ಹುಡುಗ, 6 ಅಡಿ 10 ಇಂಚು ಎತ್ತರ, ಲೀಗ್‌ನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ. ಅವನಿಲ್ಲದ ಸ್ಯಾನ್ ಮಿಗೆಲ್ ಅಂದರೆ ಕಂಬ ತೆಗೆದ ಚಪ್ಪರ. ಜನವರಿಯಲ್ಲಿ ಫೈನಲ್ ಶುರುವಾಯಿತು. ಅಲಾಸ್ಕಾ ಒಂದು ಗೆದ್ದಿತು, ಎರಡು ಗೆದ್ದಿತು, ಮೂರೂ ಗೆದ್ದಿತು. ನಾಲ್ಕು ಗೆದ್ದರೆ ಕಪ್.

ನಾಲ್ಕನೇ ಪಂದ್ಯದ ದಿನ ಕುಯಾ ಡ್ಯೂಟಿ ಬದಲಾಯಿಸಿಕೊಂಡಿದ್ದರು. ನಾವು ಹತ್ತಿರದ ಕಾರಿಂದೇರಿಯಾದಲ್ಲಿ ಕೂತೆವು. ಮಧ್ಯಾಹ್ನ ಮಾಡಿದ ಅಡುಗೆಯನ್ನು ಪಾತ್ರೆಗಳಲ್ಲಿ ಸಾಲಾಗಿ ಇಟ್ಟು ಮಾರುವ ಸಣ್ಣ ಹೋಟೆಲ್ ಅದು, ಮೂಲೆಯಲ್ಲಿ ಟಿವಿ. ಪಂದ್ಯ ಸಮಬಲವಾಗಿ ಓವರ್‌ಟೈಮ್‌ಗೆ, ಅಂದರೆ ಹೆಚ್ಚುವರಿ ಐದು ನಿಮಿಷಕ್ಕೆ ಹೋಯಿತು. 110-104, ಸ್ಯಾನ್ ಮಿಗೆಲ್.

ಇಲ್ಲಿ ನನ್ನದೊಂದು ಮಾತು. ಎಲ್ಲರೂ ಫಹಾರ್ಡೊ ವಾಪಸ್ ಬಂದದ್ದೇ ತಿರುವು ಅನ್ನುತ್ತಾರೆ. ಅವನು ಬಂದದ್ದು ಐದನೇ ಪಂದ್ಯಕ್ಕೆ. ನಾಲ್ಕನೆಯದನ್ನು ಸ್ಯಾನ್ ಮಿಗೆಲ್ ಅವನಿಲ್ಲದೇ ಗೆದ್ದಿದ್ದು. ಅರ್ವಿಂಡ್ ಸಾಂತೋಸ್, ಅಲೆಕ್ಸ್ ಕಬಾಗ್ನಾಟ್, ಮಾರ್ಸಿಯೊ ಲ್ಯಾಸಿಟರ್, ಕ್ರಿಸ್ ರಾಸ್, ಇವರಿಗೆ ಆ ರಾತ್ರಿ ತಾವೂ ಗೆಲ್ಲಬಹುದು ಅಂತ ಗೊತ್ತಾಯಿತು. ಅಲಾಸ್ಕಾದವರ ಮನಸ್ಸಿನಲ್ಲಿ 2015ರ ಆ ಎರಡು ಪಾಯಿಂಟ್ ಎದ್ದು ಕೂತಿದ್ದೂ ಆ ರಾತ್ರಿಯೇ ಅಂತ ನನಗೆ ಅನಿಸುತ್ತೆ.

ಐದನೇ ಪಂದ್ಯವೂ ಓವರ್‌ಟೈಮ್. ಅಲ್ಲಿವರೆಗೆ 71-71. ಓವರ್‌ಟೈಮ್‌ನ ಐದು ನಿಮಿಷದಲ್ಲಿ ಸ್ಯಾನ್ ಮಿಗೆಲ್ 15 ಪಾಯಿಂಟ್ ಹಾಕಿತು, ಅಲಾಸ್ಕಾಗೆ ಬಂದದ್ದು ಎರಡು. ಪ್ರೆಸ್ ಮಾಡೋಕೆ ಕಾಲಿನಲ್ಲಿ ಕಸುವು ಬೇಕು, ಅದು ಖಾಲಿಯಾಗಿತ್ತು. ಅದರ ಮೇಲೆ ಫಹಾರ್ಡೊ ಬುಟ್ಟಿ ಕೆಳಗೆ ನಿಂತ ಅಂದರೆ ಇಬ್ಬರು ಅವನನ್ನು ಕಾಯಲೇಬೇಕು, ಆಗ ಹೊರಗೆ ನಿಂತ ಶೂಟರ್‌ಗಳಿಗೆ ಕೈ ಖುಲ್ಲಾ. ಆರನೆಯದೂ ಹೋಯಿತು. 3-3.

ಏಳನೆಯದು ಫೆಬ್ರವರಿ 3, ಬುಧವಾರ, ಮಾಲ್ ಆಫ್ ಏಷ್ಯಾ ಅರೀನಾದಲ್ಲಿ. ನಮಗೆ ಟಿಕೆಟ್ ಸಿಗಲಿಲ್ಲ. ಅದೇ ಕಾರಿಂದೇರಿಯಾ, ಅದೇ ಬೆಂಚು. ಊಟ ಬಡಿಸುವ ಆತೆ, ಅಂದರೆ ಅಕ್ಕ, ಜಿನೆಬ್ರಾ ಕಡೆಯವರು, ಆದರೂ ಆವತ್ತು ಕುಯಾ ಮುಖ ನೋಡಿ ಅಲಾಸ್ಕಾ ಗೆಲ್ಲಲಿ ಅಂದರು. 96-89. ಸ್ಯಾನ್ ಮಿಗೆಲ್. ಕ್ರಿಸ್ ರಾಸ್ ಫೈನಲ್ಸ್ ಎಂವಿಪಿ. ಏಳು ಪಂದ್ಯದ ಫೈನಲ್‌ನಲ್ಲಿ 0-3ರಿಂದ ಎದ್ದು ಗೆದ್ದ ತಂಡ ಪಿಬಿಎಯಲ್ಲೂ ಅದಕ್ಕೂ ಮೊದಲು ಇರಲಿಲ್ಲ, ಅಮೆರಿಕದ ಎನ್‌ಬಿಎ ಲೀಗ್‌ನಲ್ಲೂ ಇರಲಿಲ್ಲ. ನಮ್ಮ ಪಾಲಿಗೆ ಅದೇ ಮಾತನ್ನು ತಿರುಗಿಸಿ ಹೇಳಬೇಕಾಯಿತು.

ಕುಯಾ ಒಂದೇ ಪದ ಅಂದರು. ಸಯಾಂಗ್. ನಾವು 'ಛೇ, ಕೈಗೆ ಬಂದದ್ದು ಹೋಯ್ತಲ್ಲ' ಅಂತೀವಲ್ಲ, ಅಷ್ಟೂ ಆ ಒಂದು ಪದದಲ್ಲಿದೆ. ಟಿವಿಯಲ್ಲಿ ಕಾಗದದ ಚೂರು ಉದುರುತ್ತಿತ್ತು. ಆತೆ ಸದ್ದಿಲ್ಲದೆ ಸೂಪ್ ತಂದಿಟ್ಟರು, ದುಡ್ಡು ತಗೊಳ್ಳಲಿಲ್ಲ.

ಜನ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಆಗೋದು ಮುಂದಿನದ್ದು. ಇಂಥ ಸೋಲಿನ ಮೇಲೆ ಬೇರೆ ತಂಡ ಆಗಿದ್ದರೆ ಆ ಸೀಸನ್ ಅಷ್ಟಕ್ಕೇ ಮುಗಿಯುತ್ತಿತ್ತು. ಅಲಾಸ್ಕಾ ಮುಂದಿನ ಕಮಿಷನರ್ಸ್ ಕಪ್‌ನಲ್ಲೂ ಫೈನಲ್‌ಗೆ ಬಂತು! ಎದುರು ರೇನ್ ಆರ್ ಶೈನ್. ಈ ಸಲ 0-3 ಹಿಂದೆ ಬಿದ್ದದ್ದು ಅಲಾಸ್ಕಾ. ನಾಲ್ಕನೆಯದು ಗೆದ್ದರು. ಐದನೆಯದೂ ಗೆದ್ದರು. ಆ ಎರಡು ರಾತ್ರಿ ಕುಯಾ ಗೇಟಿನ ಹತ್ತಿರ ನಿಂತು ಬಂದವರಿಗೆಲ್ಲ ಸ್ಕೋರ್ ಹೇಳುತ್ತಿದ್ದರು. ತಮಗೆ ಆದದ್ದನ್ನೇ ಇನ್ನೊಬ್ಬರಿಗೆ ಮಾಡಿ ತೋರಿಸುತ್ತಾರೆ ಅಂತ ನಾವು ನಿಜವಾಗಿ ನಂಬಿದ್ದೆವು. ಆರನೆಯದರಲ್ಲಿ ಮುಗಿಯಿತು, 4-2. ಒಂದೂವರೆ ವರ್ಷದೊಳಗೆ ನಾಲ್ಕು ಫೈನಲ್, ನಾಲ್ಕೂ ಸೋಲು. ಆದರೆ ನಾಲ್ಕು ಸಲ ಅಲ್ಲಿವರೆಗೆ ಹೋಗೋದು ಅಂದರೆ ಸುಲಭವಾ? ಆ ತಂಡವನ್ನು ಯಾರಾದರೂ ಸೋತವರು ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

ಆಮೇಲೆ ಅವರು ಕಪ್ ಗೆಲ್ಲಲೇ ಇಲ್ಲ. 14 ಕಪ್‌ಗಳಲ್ಲಿ ಕೊನೆಯದು 2013ರದ್ದು. 2022ರ ಫೆಬ್ರವರಿಯಲ್ಲಿ ಹಾಲಿನ ಕಂಪನಿ ಲೀಗ್ ಬಿಡುವುದಾಗಿ ಹೇಳಿತು. 1986ರಿಂದ ಇದ್ದ ತಂಡ. ಮಾರ್ಚ್‌ನಲ್ಲಿ ಕ್ವಾರ್ಟರ್ ಫೈನಲ್‌ನ ಮೊದಲ ಪಂದ್ಯದಲ್ಲಿ ಎನ್‌ಎಲ್‌ಇಎಕ್ಸ್ ತಂಡವನ್ನು ಸೋಲಿಸಿ ಇನ್ನೊಂದು ದಿನ ಉಳಿದುಕೊಂಡರು, ಆದರೆ ಅವರು ಎರಡೂ ಗೆಲ್ಲಬೇಕಿತ್ತು, ಎರಡನೆಯದರಲ್ಲಿ ಸೋತು ಹೊರಬಿದ್ದರು. ತಂಡವನ್ನು ಇಂಟರ್ನೆಟ್ ಕಂಪನಿ ಕಾನ್ವರ್ಜ್ ತಗೊಂಡಿತು.

ನಾನು ಅಷ್ಟೊತ್ತಿಗೆ ಬೆಂಗಳೂರಿಗೆ ವಾಪಸ್ ಬಂದಿದ್ದೆ. ಕುಯಾ ಈಗಲೂ ಆಗಾಗ ಸ್ಕೋರ್ ಕಳಿಸುತ್ತಾರೆ. ಕಾನ್ವರ್ಜ್ ಗೆದ್ದ ದಿನ ಮೆಸೇಜ್‌ನಲ್ಲಿ ಅಲಾಸ್ಕಾ ಗೆದ್ದಿತು ಅಂತಲೇ ಬರೆದಿರುತ್ತಾರೆ.