ಎನ್‌ಡಿ:ಯಾಗ್ ಲೇಸರ್ ಸಿಮ್ಯುಲೇಶನ್: ಲಾಗ್‌ಗೆ ಬದಲಾದ ಮೇಲೆ

ಲೇಸರ್ ಹಚ್ಚಿದಾಗ ಅದರ ಬೆಳಕು ಹೇಗೆ ಏರಿಳಿಯುತ್ತದೆ ಎಂದು ಲೆಕ್ಕ ಹಾಕುವ ನನ್ನ ಕೋಡ್‌ನಲ್ಲಿ ಈ ಸಲ ಬದಲಾಗಿದ್ದು ನಾಲ್ಕೈದು ಸಾಲು ಮಾತ್ರ. ಫೋಟಾನ್ (ಬೆಳಕಿನ ಕಣ) ಸಂಖ್ಯೆಯನ್ನು ನೇರವಾಗಿ ಲೆಕ್ಕ ಹಾಕುವ ಬದಲು ಅದರ ಲಾಗ್ (ಲಾಗರಿದಮ್) ಅನ್ನು ಲೆಕ್ಕ ಹಾಕುತ್ತಿದ್ದೇನೆ. ಗ್ರಾಫ್‌ಗಳು ನಂಬುವ ಹಾಗೆ ಬರಲು ಶುರುವಾಗಿದ್ದು ಇದಾದ ಮೇಲೆ.

ಮಾದರಿ ಹಳೆಯದೇ, ಎರಡು ರೇಟ್ ಸಮೀಕರಣಗಳು (ಯಾವುದು ಎಷ್ಟು ವೇಗವಾಗಿ ಬದಲಾಗುತ್ತದೆ ಎಂದು ಹೇಳುವಂಥವು). ಒಂದು ಇನ್ವರ್ಶನ್‌ಗೆ (ಕೆಳಮಟ್ಟಕ್ಕಿಂತ ಮೇಲ್ಮಟ್ಟದಲ್ಲಿ ಹೆಚ್ಚಾಗಿ ಕೂಡಿದ ಅಯಾನುಗಳು), ಇನ್ನೊಂದು ಕ್ಯಾವಿಟಿಯೊಳಗಿನ, ಅಂದರೆ ಎರಡು ಕನ್ನಡಿಗಳ ನಡುವಿನ, ಫೋಟಾನ್‌ಗಳಿಗೆ. ಹರಳು ಎನ್‌ಡಿ:ಯಾಗ್ (ನಿಯೋಡಿಮಿಯಂ ಬೆರೆಸಿದ ಯಾಗ್), ತರಂಗಾಂತರ 1064 ನ್ಯಾನೊಮೀಟರ್, ನಾಲ್ಕು ಶಕ್ತಿಮಟ್ಟದ ವ್ಯವಸ್ಥೆ. ಮೇಲ್ಮಟ್ಟದ ಆಯುಷ್ಯ 230 ಮೈಕ್ರೊಸೆಕೆಂಡ್. ಕ್ಯಾವಿಟಿಯ ಉದ್ದ 30 ಸೆಂಟಿಮೀಟರ್, ಅಂದರೆ ಬೆಳಕು ಹೋಗಿ ಬರಲು 2 ನ್ಯಾನೊಸೆಕೆಂಡ್. ಪ್ರತಿ ಸುತ್ತಿಗೆ ಶೇ 10 ನಷ್ಟ ಅಂದುಕೊಂಡರೆ ಒಂದು ಫೋಟಾನ್ ಸರಾಸರಿ 20 ನ್ಯಾನೊಸೆಕೆಂಡ್ ಒಳಗಿರುತ್ತದೆ. ಪಂಪ್ (ಹರಳಿಗೆ ಶಕ್ತಿ ತುಂಬುವ ಬೆಳಕು) ಹೊಸ್ತಿಲಿನ, ಅಂದರೆ ಲೇಸರ್ ಶುರುವಾಗಲು ಬೇಕಾದ ಕನಿಷ್ಠ ಮಟ್ಟದ, ಎರಡು ಪಟ್ಟು.

ಎರಡು ಕಾಲಮಾನಗಳ ನಡುವೆ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಅಂತರ ಇರುವುದರಿಂದ ಇದು ‘ಸ್ಟಿಫ್’ ಸಮಸ್ಯೆ (ಲೆಕ್ಕದ ಹೆಜ್ಜೆಯನ್ನು ತೀರಾ ಚಿಕ್ಕದಾಗಿಡಬೇಕಾದದ್ದು), ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಸಾಮಾನ್ಯ ರುಂಗೆ-ಕುಟ್ಟಾ ವಿಧಾನ ಸಾಲದು ಎನ್ನುತ್ತಾರೆ. ನನಗೆ ಅದು ಅಷ್ಟು ದೊಡ್ಡ ತೊಡಕು ಅನ್ನಿಸಲಿಲ್ಲ. 50 ನ್ಯಾನೊಸೆಕೆಂಡ್‌ಗೊಂದು ಹೆಜ್ಜೆ ಇಟ್ಟರೂ ಒಂದು ಮಿಲಿಸೆಕೆಂಡ್ ದಾಟಲು 20,000 ಹೆಜ್ಜೆ ಸಾಕು. ಇವತ್ತಿನ ಲ್ಯಾಪ್‌ಟಾಪ್‌ಗೆ ಅದು ಲೆಕ್ಕಕ್ಕೇ ಇಲ್ಲ. ನಿಜವಾದ ತೊಡಕು ಫೋಟಾನ್ ಸಂಖ್ಯೆ ಸೊನ್ನೆಯ ಹತ್ತಿರ ಬಂದಾಗ. ಸಣ್ಣದೊಂದು ದೋಷ ಸಾಕು, ಸಂಖ್ಯೆ ಋಣವಾಗುತ್ತದೆ, ಮುಂದಿನ ಸ್ಪೈಕ್ (ಬೆಳಕಿನ ಚೂಪಾದ ಚಿಮ್ಮುವಿಕೆ) ತಲೆಕೆಳಗಾಗಿ ಪಾತಾಳಕ್ಕೆ ಬೆಳೆಯುತ್ತದೆ. ಲಾಗ್ ಇಟ್ಟುಕೊಂಡರೆ ಋಣವಾಗುವ ಪ್ರಶ್ನೆಯೇ ಇಲ್ಲ. ಸ್ವಯಂಪ್ರೇರಿತ ಹೊರಸೂಸುವಿಕೆಯ (ಅಯಾನು ತಾನಾಗಿಯೇ ಫೋಟಾನ್ ಬಿಡುವುದು) ಪದವೊಂದು ಮಾತ್ರ ಭಾಗಾಕಾರದ ರೂಪ ತಾಳಿ ಸ್ಟಿಫ್ ಆಗುತ್ತದೆ. ಅದಕ್ಕೆ ಸೈಪೈ (ಪೈಥಾನ್‌ನ ಗಣಿತ ಲೈಬ್ರರಿ) ಕೊಡುವ, ಸ್ಟಿಫ್ ಸಮಸ್ಯೆಗೆ ಹೊಂದುವ ರಾಡೌ (Radau) ವಿಧಾನ ಬಳಸಿದೆ.

ಈಗ ಫಲಿತಾಂಶ. ಪಂಪ್ ಹಾಕಿದ ಮೇಲೆ ಇನ್ವರ್ಶನ್ ಹೊಸ್ತಿಲು ಮುಟ್ಟುವುದು 159 ಮೈಕ್ರೊಸೆಕೆಂಡ್‌ಗೆ. 230ನ್ನು 2ರ ಸ್ವಾಭಾವಿಕ ಲಾಗ್‌ನಿಂದ ಗುಣಿಸಿದರೆ ಕಾಗದದ ಮೇಲೂ ಅದೇ ಬರುತ್ತದೆ. ಆದರೆ ಆ ಕ್ಷಣಕ್ಕೆ ಬೆಳಕು ಬರುವುದಿಲ್ಲ. ಬೆರಳೆಣಿಕೆಯ ಫೋಟಾನ್‌ಗಳಿಂದ ಹತ್ತು ಸಾವಿರ ಕೋಟಿಯ ಮಟ್ಟಕ್ಕೆ ಬೆಳೆಯಲು ಇನ್ನೂ ಹದಿನೈದರ ಆಸುಪಾಸು ಮೈಕ್ರೊಸೆಕೆಂಡ್ ಬೇಕು. ಅಷ್ಟರಲ್ಲಿ ಇನ್ವರ್ಶನ್ ಹೊಸ್ತಿಲು ದಾಟಿ ಮುಂದೆ ಹೋಗಿರುತ್ತದೆ. ಮೊದಲ ಸ್ಪೈಕ್ ಸ್ಥಿರಮಟ್ಟದ ಇಪ್ಪತ್ತು ಪಟ್ಟಿಗೂ ಮೇಲೆ ಚಿಮ್ಮಿ, ಕೂಡಲೇ ಆ ಮಟ್ಟದ ಕೋಟಿಯಲ್ಲೊಂದು ಪಾಲಿಗಿಂತ ಕೆಳಕ್ಕೆ ಕುಸಿಯುತ್ತದೆ. ಸಾಮಾನ್ಯ ಗ್ರಾಫ್‌ನಲ್ಲಿ ಈ ಕುಸಿತ ಬರೀ ಚಪ್ಪಟೆ ಗೆರೆ; ಲಾಗ್ ಗ್ರಾಫ್‌ನಲ್ಲಿ ಒಂದರ ಪಕ್ಕ ಒಂದು ಆಳವಾದ ಕಮಾನುಗಳು.

ನನಗೆ ತುಂಬಾ ಹಿಡಿಸಿದ್ದು ಇಲ್ಲೇ. ಆಂದೋಲನವನ್ನು ತಗ್ಗಿಸುವ (ಡ್ಯಾಂಪಿಂಗ್) ಪದ ಬಿಟ್ಟರೆ ಈ ಲಾಗ್ ಚರದ ಸಮೀಕರಣ ಒಂದು ಬಟ್ಟಲಿನಲ್ಲಿ ಉರುಳುವ ಗೋಲಿಯದ್ದೇ. ಬಟ್ಟಲಿನ ಒಂದು ಗೋಡೆ ಘಾತೀಯವಾಗಿ ಕಡಿದಾಗಿದೆ, ಇನ್ನೊಂದು ನೇರ ಇಳಿಜಾರು (ಟೋಡಾ ವಿಭವ ಅನ್ನುತ್ತಾರೆ). ಕಡಿದಾದ ಗೋಡೆಗೆ ಬಡಿದು ಥಟ್ಟನೆ ಹಿಂತಿರುಗುವುದು ಸ್ಪೈಕ್. ಇಳಿಜಾರು ಹತ್ತಿ ಇಳಿಯುವುದು ನಡುವಿನ ಕತ್ತಲು. ಎತ್ತರದ ಸ್ಪೈಕ್‌ಗಳ ನಡುವೆ ಅಂತರ ಹೆಚ್ಚು ಯಾಕೆ ಅನ್ನುವುದಕ್ಕೆ ಬೇರೆ ವಿವರಣೆಯೇ ಬೇಡ. ನನ್ನ ಲೆಕ್ಕದಲ್ಲಿ ಮೊದಲ ಅಂತರ ಸುಮಾರು 30 ಮೈಕ್ರೊಸೆಕೆಂಡ್. ಸ್ಪೈಕ್‌ಗಳು ತಗ್ಗಿದಂತೆ ಅದು 13.5ಕ್ಕೆ ಇಳಿದು ನಿಲ್ಲುತ್ತದೆ. ಸಣ್ಣ ಆಂದೋಲನದ ಸೂತ್ರ ಕೊಡುವ 74 ಕಿಲೊಹರ್ಟ್ಸ್‌ಗೆ ಇದು ಸರಿಹೊಂದುತ್ತದೆ. ಸ್ಪೈಕ್‌ಗಳ ಅಂತರವನ್ನು ಎಲ್ಲ ಕಡೆ ಈ ಒಂದೇ ಸೂತ್ರದಿಂದ ಅಳೆಯುವುದು ತಪ್ಪು ದಾರಿ; ಅದು ಕೊನೆಯ ಹಂತಕ್ಕೆ ಮಾತ್ರ ಸಲ್ಲುತ್ತದೆ.

ಕ್ಯೂ-ಸ್ವಿಚಿಂಗ್ (ನಷ್ಟ ಹೆಚ್ಚಿಟ್ಟು ಇನ್ವರ್ಶನ್ ಕೂಡಿಟ್ಟು, ಆಮೇಲೆ ಒಂದೇ ಪಲ್ಸ್‌ನಲ್ಲಿ ಬಿಡುವುದು) ಕೂಡ ಓಡಿಸಿದೆ. ಮ್ಯಾಕ್ಲಂಗ್ ಮತ್ತು ಹೆಲ್‌ವಾರ್ತ್ 1962ರಲ್ಲಿ ರೂಬಿಯಲ್ಲಿ ತೋರಿಸಿದ ತಂತ್ರ ಇದು. ಇನ್ವರ್ಶನ್ ಹೊಸ್ತಿಲಿನ ಮೂರು ಪಟ್ಟಾದಾಗ ನಷ್ಟವನ್ನು ಒಮ್ಮೆಲೇ ತಗ್ಗಿಸಿದೆ. ಕೂಡಿಟ್ಟ ಇನ್ವರ್ಶನ್‌ನ ಶೇ 94 ಒಂದೇ ಪಲ್ಸ್‌ನಲ್ಲಿ ಖರ್ಚಾಯಿತು. ಒಟ್ಟು ಶಕ್ತಿಯನ್ನು ಶಿಖರದ ಪವರ್‌ನಿಂದ ಭಾಗಿಸಿದರೆ ಅಗಲ 63 ನ್ಯಾನೊಸೆಕೆಂಡ್. ಎರಡೂ ವಿಶ್ಲೇಷಣಾತ್ಮಕ ಸೂತ್ರಗಳೊಂದಿಗೆ ತಾಳೆಯಾದವು.

ಮುಂದಿನದು ಪ್ಯಾಸಿವ್ ಕ್ಯೂ-ಸ್ವಿಚ್. ಕ್ರೋಮಿಯಂ ಬೆರೆಸಿದ ಯಾಗ್ ಹರಳು ಬೆಳಕು ಹೆಚ್ಚಾದಂತೆ ತಾನೇ ಪಾರದರ್ಶಕವಾಗಿ ಕೆಲವೇ ಮೈಕ್ರೊಸೆಕೆಂಡ್‌ಗಳಲ್ಲಿ ಮೊದಲಿನಂತಾಗುತ್ತದೆ. ಅದಕ್ಕೆ ಮೂರನೇ ಸಮೀಕರಣ ಬೇಕು. ಉತ್ತೇಜಿತ ಸ್ಥಿತಿಯಲ್ಲೂ ಅದು ಸ್ವಲ್ಪ ಬೆಳಕು ಹೀರುವುದರಿಂದ ನಷ್ಟ ಪೂರ್ತಿ ಸೊನ್ನೆಯಾಗದು. ಆ ಪದವನ್ನು ಮೊದಲ ದಿನದಿಂದಲೇ ಸೇರಿಸುತ್ತೇನೆ. ಥರ್ಮಲ್ ಲೆನ್ಸಿಂಗ್‌ಗೆ (ಬಿಸಿಯಾದ ಹರಳು ಮಸೂರದಂತೆ ವರ್ತಿಸುವುದು) ಸದ್ಯಕ್ಕೆ ಕೈ ಹಾಕುವುದಿಲ್ಲ.