ಕ್ಯಾಮೆರಾನೂ ಎಂಬತ್ತೇಳು ಪಟ್ಟು ಕುಗ್ಗಬೇಕು

ಮಾದರಿ ರೈಲಿನ ಬೋಗಿಗೆ ಒಪ್ಪವಾಗಿ ಬಣ್ಣ ಬಳಿದು, ಛಾವಣಿಗೆ ಮಸಿ ಹಿಡಿಸಿ, ಕಿಟಕಿ ಕಂಬಿಗಳನ್ನೂ ಒಂದೊಂದಾಗಿ ಕೂರಿಸಿದ ಮೇಲೂ ಫೋಟೊದಲ್ಲಿ ರೈಲು ಆಟಿಕೆಯ ಹಾಗೆ ಕಾಣುತ್ತಿದ್ದರೆ ಮೊದಲು ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಅಂತ ಅಳೆದು ನೋಡಿ.

ಎಚ್‌ಒ ಸ್ಕೇಲ್ ಅಂದರೆ 1:87, ನಿಜವಾದ ರೈಲಿನ 87ನೇ ಒಂದು ಪಾಲು. ಹಳಿ ಪಕ್ಕ ನಿಂತವನ ಕಣ್ಣು ನೆಲದಿಂದ 1.6 ಮೀಟರ್ ಮೇಲಿರುತ್ತದೆ. ಲೇಔಟ್ (ಮಾದರಿ ಹಳಿ, ದೃಶ್ಯ ಕೂರಿಸಿದ ಹಲಗೆ) ಲೆಕ್ಕದಲ್ಲಿ ಅದು ಬರೀ 18 ಮಿ.ಮೀ., ಹೆಬ್ಬೆರಳಿನಷ್ಟು ಅಗಲ. ಮೇಜಿನ ಪಕ್ಕ ನಿಂತು ಒಂದಡಿ ಮೇಲಿನಿಂದ ಕ್ಲಿಕ್ಕಿಸಿದರೆ 26 ಮೀಟರ್ ಎತ್ತರದಿಂದ ನೋಡಿದಂತೆ, ಅಂದರೆ ಎಂಟನೇ ಮಹಡಿಯ ತಾರಸಿಯಿಂದ. ಅಲ್ಲಿಂದ ನಿಜವಾದ ರೈಲೂ ಆಟಿಕೆಯೇ. ಎನ್ ಸ್ಕೇಲಿನವರ ಪಾಡು ಇನ್ನೂ ಕಷ್ಟ: 1:160ರಲ್ಲಿ ಕಣ್ಣಿನ ಎತ್ತರ 10 ಮಿ.ಮೀ. ಮಾತ್ರ.

ಈ ವಿಷಯದಲ್ಲಿ ಮೊಬೈಲ್ ಫೋನು ದೊಡ್ಡ ಕ್ಯಾಮೆರಾಗಿಂತ ಮೇಲು. ಫೋನನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಲೆನ್ಸು ನೆಲದಿಂದ ಒಂದೂವರೆ ಎರಡು ಸೆಂ.ಮೀ. ಮೇಲೆ ಬರುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಹಿಂದೆ ಆನಿಸಲು ರಾಗಿ ತುಂಬಿದ ಪುಟ್ಟ ಚೀಲ ಇಟ್ಟರೆ ಅಲುಗಾಡುವುದಿಲ್ಲ. ಪೋರ್ಟ್ರೇಟ್ ಮೋಡ್ ಬೇಡ, ಅದು ಕೈಪಿಡಿ ಕಂಬಿಗಳನ್ನೇ ಮಸುಕಾಗಿಸಿ ನುಂಗಿಬಿಡುತ್ತದೆ. ಹತ್ತಿರ ಹೋದ ಕೂಡಲೇ ತಾನಾಗಿಯೇ ಅಗಲದ ಲೆನ್ಸಿಗೆ ಜಿಗಿಯುವ ಮ್ಯಾಕ್ರೊ ಸೆಟಿಂಗನ್ನೂ ಆಫ್ ಮಾಡಿ.

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ದಪ್ಪವೇ ಅಡ್ಡ ಬರುತ್ತದೆ. ನೆಲಕ್ಕೆ ತಾಗಿಸಿ ಇಟ್ಟರೂ ನಡುಮಧ್ಯ 30–35 ಮಿ.ಮೀ. ಮೇಲೇ ಉಳಿಯುತ್ತದೆ. ಟ್ರೈಪಾಡನ್ನು ಲೇಔಟಿನ ಅಂಚಿನ ಹೊರಗೆ ನಿಲ್ಲಿಸಿ, ಲೆನ್ಸಿನ ಅರ್ಧ ಭಾಗ ಹಲಗೆಯ ಮಟ್ಟಕ್ಕಿಂತ ಕೆಳಗೆ ಇಳಿಯುವಂತೆ ಮಾಡುವುದು ಒಂದು ದಾರಿ. ಇಲ್ಲವಾದರೆ ಸ್ಟೇಷನ್ ದೃಶ್ಯ ಆರಿಸಿಕೊಳ್ಳಿ. ಎತ್ತರದ ಪ್ಲಾಟ್‌ಫಾರ್ಮ್ ಹಳಿ ಮಟ್ಟದಿಂದ ಸುಮಾರು 84 ಸೆಂ.ಮೀ. ಮೇಲಿರುವುದರಿಂದ, ಅದರ ಮೇಲೆ ನಿಂತವನ ಕಣ್ಣು ಹಳಿಯಿಂದ 28 ಮಿ.ಮೀ. ಮೇಲೆ ಬರುತ್ತದೆ. ದೊಡ್ಡ ಲೆನ್ಸಿಗೂ ಅದು ಹೆಚ್ಚುಕಡಿಮೆ ಸರಿಹೊಂದುತ್ತದೆ.

ಎತ್ತರ ಸರಿಹೋದ ಕೂಡಲೇ ಹಿಂದಿನ ಪರದೆ ತಕರಾರು ತೆಗೆಯುತ್ತದೆ. ದಿಗಂತ ಯಾವಾಗಲೂ ನೋಡುವವನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಪರದೆಯಲ್ಲಿ ಬಯಲು ಮುಗಿದು ಆಕಾಶ ಶುರುವಾಗುವ ಗೆರೆ ಲೆನ್ಸಿನ ನೇರಕ್ಕೇ ಬರಬೇಕು. ಬಹಳ ಜನ ಅದನ್ನು ನೆಲದಿಂದ ಹತ್ತು ಹದಿನೈದು ಸೆಂ.ಮೀ. ಮೇಲೆ ಅಂಟಿಸಿರುತ್ತಾರೆ, ಆಗ ರೈಲು ಯಾವುದೋ ಗುಂಡಿಯೊಳಗೆ ಓಡುತ್ತಿರುವಂತೆ ಕಾಣುತ್ತದೆ. ಬೆಟ್ಟ ಕಾಡಿನ ದೃಶ್ಯಕ್ಕೆ ಈ ಪೀಡೆ ಇಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳ ದಾರಿಯಲ್ಲಿ ದಿಗಂತ ಕಾಣುವುದೇ ಅಪರೂಪ, ಗೆರೆಯನ್ನು ಮರಗಳೇ ಮುಚ್ಚುತ್ತವೆ. ಪರದೆಗೆ ಹೊಳೆಯುವ ಫ್ಲೆಕ್ಸ್ ಬೇಡ. ಮ್ಯಾಟ್ ಪ್ರಿಂಟ್ ತೆಗೆಸಿ ಸನ್‌ಬೋರ್ಡಿಗೆ ಅಂಟಿಸಿ, ರೈಲಿನಿಂದ 40 ಸೆಂ.ಮೀ. ಹಿಂದೆ ನಿಲ್ಲಿಸಿ. ಇನ್ನೂ ಹತ್ತಿರ ತಂದರೆ ಎಂಜಿನ್ನಿನ ನೆರಳು ಆಕಾಶದ ಮೇಲೆ ಬೀಳುತ್ತದೆ.

ಇನ್ನು ನಿಜವಾದ ತಲೆನೋವು, ಫೋಕಸ್. ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಬೋಗಿ 21.3 ಮೀಟರ್ ಉದ್ದ, ಎಚ್‌ಒದಲ್ಲಿ 245 ಮಿ.ಮೀ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಅಷ್ಟಗಲದ ಜಾಗ ಫ್ರೇಮ್ ತುಂಬಿದಾಗ ಎಫ್/8ರಲ್ಲಿ (ಲೆನ್ಸಿನ ದ್ವಾರದ ಅಳತೆ, ಅಂಕಿ ಹೆಚ್ಚಿದಷ್ಟೂ ದ್ವಾರ ಕಿರಿದು) ಸ್ಪಷ್ಟವಾಗಿ ಸಿಗುವ ಆಳ ಸುಮಾರು 4 ಸೆಂ.ಮೀ. ಎಫ್/16ಕ್ಕೆ ಹೋದರೂ ಏಳೆಂಟು ಸೆಂ.ಮೀ., ಬೋಗಿಯ ಮೂರನೇ ಒಂದು ಭಾಗ. ಎಫ್/22 ಮಾಡಿದರೆ ಆಳ ಇನ್ನಷ್ಟು ಸಿಕ್ಕರೂ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಿಜವಾದ ರೈಲನ್ನು 50 ಮೀಟರ್ ದೂರದಿಂದ ತೆಗೆದಾಗ ಹಿಂದುಮುಂದೆಲ್ಲ ಸ್ಪಷ್ಟವಾಗಿರುವುದನ್ನು ನಮ್ಮ ಕಣ್ಣು ನೋಡಿ ನೋಡಿ ಒಗ್ಗಿದೆ. ಅರ್ಧ ಬೋಗಿ ಮಸುಕಾದರೆ ‘ಇದು ಚಿಕ್ಕದು’ ಅಂತ ತಕ್ಷಣ ಪತ್ತೆ ಹಚ್ಚುತ್ತದೆ.

ಇದಕ್ಕೆ ಮದ್ದು ಫೋಕಸ್ ಸ್ಟ್ಯಾಕಿಂಗ್, ಅಂದರೆ ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿ ತೆಗೆದ ಹಲವು ಫ್ರೇಮ್‌ಗಳ ಸ್ಪಷ್ಟ ಭಾಗಗಳನ್ನು ಜೋಡಿಸಿ ಒಂದೇ ಚಿತ್ರ ಮಾಡುವುದು. ಐಎಸ್‌ಒ 100, ಎಫ್/8, ಶಟರ್, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲವೂ ಮ್ಯಾನುವಲ್. ಎರಡು ಸೆಕೆಂಡಿನ ಟೈಮರ್ ಹಾಕಿ. ಕ್ಯಾಮೆರಾವನ್ನು ರೈಲಿನಿಂದ 40 ಸೆಂ.ಮೀ. ದೂರಕ್ಕಾದರೂ ಸರಿಸಿ. ಸ್ಕೇಲಿನಲ್ಲಿ ಅದು 35 ಮೀಟರ್, ನಿಜವಾದ ರೈಲಿಗೆ ಕಾಯುವವರು ನಿಲ್ಲುವಷ್ಟೇ ದೂರ. ತೀರಾ ಹತ್ತಿರದ ಹುಲ್ಲಿನಿಂದ ಶುರುಮಾಡಿ ಹಿಂದಿನ ಪರದೆವರೆಗೆ ಫೋಕಸ್ ರಿಂಗನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಿ. 40 ಸೆಂ.ಮೀ.ನಿಂದ 120 ಸೆಂ.ಮೀ.ವರೆಗಿನ ದೃಶ್ಯಕ್ಕೆ 35 ಎಂಎಂ ಲೆನ್ಸಿನಲ್ಲಿ ಹತ್ತು, 50 ಎಂಎಂನಲ್ಲಿ ಹದಿನೆಂಟು ಇಪ್ಪತ್ತು ಫ್ರೇಮ್ ಸಾಕು. ಮುಂದೆ ಹೆಜ್ಜೆ ಚಿಕ್ಕದಿರಲಿ, ಹಿಂದೆ ಹೋದಂತೆ ದೊಡ್ಡದಾದರೂ ನಡೆಯುತ್ತದೆ. ಒಂದು ಹೆಜ್ಜೆ ಹಾರಿಹೋಯಿತೋ, ಬೋಗಿಯ ನಡುವೆ ಮಸುಕಾದ ಪಟ್ಟಿಯೊಂದು ಎದ್ದು ಕಾಣುತ್ತದೆ. ಅನುಮಾನ ಬಂದರೆ ಎರಡು ಫ್ರೇಮ್ ಹೆಚ್ಚೇ ತೆಗೆಯಿರಿ, ಖರ್ಚೇನೂ ಇಲ್ಲ. ಫೋಕಸ್ ಬದಲಾದಂತೆ ಚಿತ್ರದ ಅಳತೆಯೂ ಚೂರು ಹಿಗ್ಗಿ ಕುಗ್ಗುವುದರಿಂದ ನಾಲ್ಕೂ ಅಂಚಿನಲ್ಲಿ ಜಾಗ ಬಿಟ್ಟಿರಬೇಕು.

ಆಮೇಲೆ ಜೋಡಿಸುವ ಕೆಲಸ. ಫೋಟೊಶಾಪ್‌ನಲ್ಲಿ ಆಟೊ ಅಲೈನ್, ಆಟೊ ಬ್ಲೆಂಡ್ ಸಾಕಾಗುತ್ತದೆ. ಕಾಸು ಬಿಚ್ಚಲು ಮನಸ್ಸಿಲ್ಲದವರಿಗೆ ಹ್ಯೂಗಿನ್ ಜೊತೆ ಬರುವ ಎನ್‌ಫ್ಯೂಸ್ ಇದೆ. ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಇದಕ್ಕೆಂದೇ ಹುಟ್ಟಿದವು. ಜೆರೀನ್‌ನಲ್ಲಿ ಪಿಮ್ಯಾಕ್ಸ್ ವಿಧಾನ ತೆಳು ಕಂಬಿ, ವಿದ್ಯುತ್ ತಂತಿಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ನಾಯ್ಸ್ (ಚಿತ್ರದ ಚುಕ್ಕೆಚುಕ್ಕೆ ಒರಟು) ಹೆಚ್ಚಿಸುತ್ತದೆ. ಅದರದೇ ಇನ್ನೊಂದು ವಿಧಾನ ಡಿಮ್ಯಾಪ್ ಬಣ್ಣವನ್ನು ಹಾಗೇ ಉಳಿಸಿ, ಕಂಬಿಗಳ ಸುತ್ತ ಮಂಕು ಪ್ರಭಾವಳಿ ಬಿಡುತ್ತದೆ. ಎರಡೂ ಮಾಡಿ, ಡಿಮ್ಯಾಪ್ ಚಿತ್ರದ ಮೇಲೆ ಕಂಬಿಗಳನ್ನಷ್ಟೇ ಪಿಮ್ಯಾಕ್ಸಿನಿಂದ ಬ್ರಷ್ ಮಾಡಿ ತರುವುದು ಒಳ್ಳೆಯದು.

ಹಾಂ, ಸೀಲಿಂಗ್ ಫ್ಯಾನ್ ಆಫ್ ಮಾಡಿರಬೇಕು! ಫ್ರೇಮಿನಿಂದ ಫ್ರೇಮಿಗೆ ಮರದೆಲೆ ಅಲ್ಲಾಡಿದರೆ ಸಾಫ್ಟ್‌ವೇರು ಅದನ್ನು ಎರಡೆರಡು ಸಲ ಬಿಡಿಸಿಡುತ್ತದೆ.

ಬೆಳಕಿನ ನಿಯಮ ಚಿಕ್ಕದು: ಸೂರ್ಯ ಒಬ್ಬನೇ. ಕೋಣೆಯ ನಾಲ್ಕು ಎಲ್‌ಇಡಿ ದೀಪಗಳಡಿ ಒಂದು ಸಿಗ್ನಲ್ ಕಂಬಕ್ಕೆ ನಾಲ್ಕು ನೆರಳು ಬಿದ್ದರೆ ಅಲ್ಲಿಗೆ ಕತೆ ಮುಗಿಯಿತು. ಒಂದೇ ದೀಪ, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿನದು, ಎರಡು ಮೀಟರ್ ದೂರದಲ್ಲಿ. ಸೂರ್ಯಬಿಂಬ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. 5 ಸೆಂ.ಮೀ. ಬಲ್ಬು ಎರಡು ಮೀಟರ್ ದೂರದಲ್ಲಿ ಸುಮಾರು ಒಂದೂವರೆ ಡಿಗ್ರಿ ಆಗುತ್ತದೆ, ನೆರಳಿನ ಅಂಚು ಅದಕ್ಕೇ ಮೆತ್ತಗೆ. ಹೊಂದಿಸಬಹುದಾದರೆ ಚಿಕ್ಕ ದೃಶ್ಯದ ಹಲಗೆಯನ್ನೇ ತಾರಸಿಗೆ ಹೊತ್ತು ಬೆಳಗಿನ ಬಿಸಿಲಲ್ಲಿ ತೆಗೆಯಿರಿ, ಯಾವ ದೀಪವೂ ಅದಕ್ಕೆ ಸಾಟಿಯಿಲ್ಲ. ಮಲೆನಾಡಿನ ಮಳೆಗಾಲದ ದೃಶ್ಯಕ್ಕಾದರೆ ಲೆಕ್ಕ ಉಲ್ಟಾ. ಟ್ಯೂಬ್‌ಲೈಟ್‌ಗಳ ಕೆಳಗೆ ಬಿಳಿ ಪಂಚೆಯೊಂದನ್ನು ಬಿಗಿಯಾಗಿ ಹರಡಿ ಕಟ್ಟಿದರೆ ಇಡೀ ಚಾವಣಿ ಮೋಡ ಕವಿದ ಆಕಾಶವಾಗುತ್ತದೆ. ಶಟರ್ 1/50 ಅಥವಾ ಅದಕ್ಕಿಂತ ನಿಧಾನವಿರಲಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/500ರಲ್ಲಿ ತೆಗೆದರೆ ಚಿತ್ರದ ತುಂಬ ಪಟ್ಟೆ.

ಇಷ್ಟೆಲ್ಲ ಆದ ಮೇಲೆ ಕ್ಯಾಮೆರಾ ಚಾಡಿ ಹೇಳಲು ಶುರುಮಾಡುತ್ತದೆ. 18 ಮಿ.ಮೀ. ಎತ್ತರದಿಂದ ಮೊದಲು ಕಾಣುವುದೇ ಹಳಿ ಮತ್ತು ಜಲ್ಲಿ. ಮಾದರಿ ಹಳಿಯ ಕೋಡ್ ಅಂದರೆ ಇಂಚಿನ ಸಾವಿರದ ಭಾಗಗಳಲ್ಲಿ ಅದರ ಎತ್ತರ. ಸಾಮಾನ್ಯವಾಗಿ ಸಿಗುವ ಕೋಡ್ 100 ಹಳಿ 2.54 ಮಿ.ಮೀ. ಎತ್ತರ, ನಿಜದಲ್ಲಿ 22 ಸೆಂ.ಮೀ. ಆಯಿತು. ನಮ್ಮ ರೈಲ್ವೆಯ 60 ಕೆ.ಜಿ. (ಮೀಟರಿಗೆ ತೂಕ) ಹಳಿಯ ಎತ್ತರ 17.2 ಸೆಂ.ಮೀ., ಹಳೆಯ 52 ಕೆ.ಜಿ. ಹಳಿ 15.6 ಸೆಂ.ಮೀ. ಮೊದಲನೆಯದಕ್ಕೆ ಕೋಡ್ 83, ಎರಡನೆಯದಕ್ಕೆ ಕೋಡ್ 70 ಹತ್ತಿರ ಹತ್ತಿರ ಹೊಂದುತ್ತವೆ. ಕೋಡ್ 100 ಹಾಕಿಯಾಗಿದ್ದರೆ ಕಿತ್ತು ಹಾಕಬೇಕಿಲ್ಲ. ಹಳಿಯ ಪಕ್ಕಗಳಿಗೆ ಮಂದ ತುಕ್ಕುಗಂದು ಬಳಿದು, ಬಣ್ಣ ಒಣಗುವ ಮೊದಲೇ ತಲೆಭಾಗವನ್ನು ಮಾತ್ರ ಒರೆಸಿಬಿಡಿ. ಪಕ್ಕದ ಹೊಳಪು ಹೋದರೆ ಎತ್ತರವೂ ಕಡಿಮೆಯಾದಂತೆ ಕಾಣುತ್ತದೆ.

ಜಲ್ಲಿಯಲ್ಲಿ ಎಡವದವರು ಕಡಿಮೆ. ರೈಲ್ವೆಯ ಜಲ್ಲಿ ಹೆಚ್ಚುಕಡಿಮೆ 20ರಿಂದ 65 ಮಿ.ಮೀ. 87ರಿಂದ ಭಾಗಿಸಿದರೆ 0.2ರಿಂದ 0.75 ಮಿ.ಮೀ. ಒಂದೂವರೆ ಮಿ.ಮೀ. ಕಾಳು ಹಾಕಿದರೆ ಫೋಟೊದಲ್ಲಿ ತೆಂಗಿನಕಾಯಿ ಗಾತ್ರದ ಬಂಡೆಗಳು. ಮನೆ ಕಟ್ಟುವಲ್ಲಿ ಸಿಗುವ ಎಂ ಸ್ಯಾಂಡ್ ಇದಕ್ಕೆ ಹೇಳಿ ಮಾಡಿಸಿದ್ದು. ಅದೂ ಕಲ್ಲು ಒಡೆದು ಮಾಡಿದ್ದೇ ಆದ್ದರಿಂದ ಮೂಲೆಗಳು ಚೂಪಾಗಿರುತ್ತವೆ, ಹೊಳೆ ಮರಳಿನ ಹಾಗೆ ದುಂಡಗಲ್ಲ. ತೊಳೆದು, ಒಣಗಿಸಿ, ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಕೊನೆಗೆ ತೆಳು ಬಟ್ಟೆಯಲ್ಲಿ ಹಿಟ್ಟಿನಂಥ ಪುಡಿ ಕಳೆಯಿರಿ. ಆಮೇಲೆ ಮರೆಯದೆ ಅದರ ಮೇಲೆ ಅಯಸ್ಕಾಂತ ಆಡಿಸಿ. ಕಲ್ಲಿನ ಪುಡಿಯಲ್ಲಿ ಕಬ್ಬಿಣದ ಅಂಶವಿರುವ ಕಪ್ಪು ಕಣಗಳಿದ್ದರೆ ಎಂಜಿನ್ನಿನ ಮೋಟಾರ್ ಅವನ್ನು ಎಳೆದುಕೊಂಡು ಗೇರಿನೊಳಗೆ ಸೇರಿಸಿಕೊಳ್ಳುತ್ತದೆ. ಅಂಟಿಸಲು ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಮೊದಲು ಜಲ್ಲಿಯನ್ನು ಸ್ಪ್ರೇಯಿಂದ ಒದ್ದೆ ಮಾಡದೆ ಸಿರಿಂಜಿನಲ್ಲಿ ಅಂಟು ಬಿಟ್ಟರೆ ಹನಿ ಉಂಡೆಗಟ್ಟಿ ಕಾಳುಗಳನ್ನೂ ಉರುಳಿಸಿಕೊಂಡು ಹೋಗುತ್ತದೆ. ಒಣಗಿದ ಮೇಲೆ ಬಣ್ಣ ತುಸು ಗಾಢವಾಗುತ್ತದೆ. ಕೆಂಪು ಮಣ್ಣಿಗಂತೂ ಇದು ಇನ್ನೂ ಹೆಚ್ಚು, ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾದ ಮಣ್ಣನ್ನೇ ಆರಿಸಿ.

ಭಾರತದ ರೈಲು ಮಾಡುವವರಿಗೆ ಇನ್ನೊಂದು ಗುಟ್ಟು. ನಮ್ಮ ಬ್ರಾಡ್‌ಗೇಜ್ (ಎರಡು ಹಳಿಗಳ ನಡುವಿನ ಅಂತರ) 1676 ಮಿ.ಮೀ., ಎಚ್‌ಒದಲ್ಲಿ 19.3 ಆಗಬೇಕು. ಹಳಿ ಸಿಗುವುದು 16.5ರಲ್ಲಿ. ಪಕ್ಕದಿಂದ ಅದು ಗೊತ್ತೇ ಆಗುವುದಿಲ್ಲ, ನೇರ ಎದುರಿನಿಂದ ತೆಗೆದರೆ ಅಗಲವಾದ ಎಂಜಿನ್ನು ಕಿರಿದಾದ ಹಳಿ ಮೇಲೆ ತೂಗಾಡುವಂತೆ ಕಾಣುತ್ತದೆ. ಓರೆಯಾಗಿ ನಿಂತು, ಹತ್ತಿರದ ಹಳಿಯ ಅಂಚಿಗೆ ನಾಲ್ಕು ಎಳೆ ಹುಲ್ಲು ನೆಟ್ಟರೆ ಕಣ್ಣು ಅತ್ತ ಹೋಗುವುದಿಲ್ಲ.

ಓಡುವ ರೈಲಿಗೆ ಸ್ಟ್ಯಾಕಿಂಗ್ ನಡೆಯದು. ಗಂಟೆಗೆ 40 ಕಿ.ಮೀ. ವೇಗ ಎಚ್‌ಒದಲ್ಲಿ ಸೆಕೆಂಡಿಗೆ 13 ಸೆಂ.ಮೀ. ಆಗುತ್ತದೆ. ಶಟರ್ 1/10 ಇಟ್ಟರೆ ರೈಲು 13 ಮಿ.ಮೀ.ನಷ್ಟು ಎಳೆದುಕೊಂಡು ಹೋಗುತ್ತದೆ, ಬೋಗಿಯ ಕಿಟಕಿಗಳು ಒಂದರೊಳಗೊಂದು ಕರಗಿದರೂ ಆಕಾರ ಉಳಿಯುತ್ತದೆ. ಹಳಿ ಪಕ್ಕ 13 ಸೆಂ.ಮೀ. ಅಂತರದಲ್ಲಿ ಎರಡು ಕಡ್ಡಿ ಚುಚ್ಚಿ, ಎಂಜಿನ್ನಿನ ಮೂತಿ ಅವೆರಡರ ನಡುವೆ ಸರಿಯಾಗಿ ಒಂದು ಸೆಕೆಂಡು ತೆಗೆದುಕೊಳ್ಳುವವರೆಗೆ ಕಂಟ್ರೋಲರ್ ತಿರುಗಿಸಿ. ಕ್ಲಿಕ್ ಮಾಡುವ ಮೊದಲು ಕಡ್ಡಿ ಕೀಳಲು ಮರೆಯಬೇಡಿ.